ಬೀಗತಿಗೆ ಗುಂಡು ಹೊಡೆಯುವುದು ಹೇಗೆ

ಲೋಕಿಕೆರೆಯ ತವರಿನಿಂದ ಒಂದು ಚೀಲ ಹುಣಸೆಹಣ್ಣು ಬಂದಿತ್ತು. ನಡುಮನೆಯಲ್ಲಿ ಹಳೇ ಸೀರೆ ಹಾಸಿ, ಕಾಲು ಚಾಚಿ ಕೂತು, ಕಲ್ಲಿನಿಂದ ಜಜ್ಜಿ ಬೀಜ ತೆಗೆಯುತ್ತಿದ್ದೆ. ಎರಡೂ ಕೈ ಅಂಟಂಟು. ಹಣೆಯ ವಿಭೂತಿ ಬೆವರಿನ ಜೊತೆ ಹುಬ್ಬಿಗೆ ಇಳಿದಿದ್ದರೂ ಒರೆಸಿಕೊಳ್ಳುವ ಹಾಗಿರಲಿಲ್ಲ. ಅಷ್ಟರಲ್ಲಿ ಸೊಸೆ ಮಾಳಿಗೆಯಿಂದ ದಡದಡ ಇಳಿದು ಬಂದಳು.

"ಅತ್ತೀ, ನಾಳೆ ಆಡೋರೇ ಇಲ್ಲ! ಎಲ್ಲಾ ಕೈಕೊಟ್ರು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಸೊಸೆ ಹರಿಹರದವಳು, ಕಂಪ್ಯೂಟರ್ ಓದಿದವಳು. ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಗೆಳತಿಯೊಬ್ಬಳ ಜೊತೆ ಕೂತು ಮೊಬೈಲ್ ಆಟವೊಂದನ್ನು ಕಟ್ಟುತ್ತಿದ್ದಳು. ಮೊದಲು ನಾವು ಗೋಧಿ ಮೂಟೆ ಇಡುತ್ತಿದ್ದ ಕೋಣೆ ಅದು. ಆಟವೋ, ಬಂದೂಕಿನ ಆಟ. ಎಷ್ಟೋ ಜನ ಅವರವರ ಮನೆಯಲ್ಲೇ ಕೂತು ಮೊಬೈಲಿನೊಳಗಿನ ಒಂದು ಊರಿಗೆ ಇಳಿಯುತ್ತಾರೆ. ಇಳಿದವರು ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ನಾಲ್ಕೂ ಕಡೆಯಿಂದ ಕೆಂಪು ಧೂಳು ಮುತ್ತಿಕೊಂಡು ಬರುತ್ತದೆ. ಅದರಲ್ಲಿ ಸಿಕ್ಕವರೂ ಸಾಯುತ್ತಾರೆ. ಕೊನೆಗೆ ಉಳಿದ ಒಬ್ಬರು ಗೆದ್ದ ಹಾಗೆ.

ಮೊದಲ ಸಲ ಇದನ್ನು ಕೇಳಿದಾಗ ಲಿಂಗಪೂಜೆ ಮುಗಿಸಿ ಏಳುತ್ತಿದ್ದೆ. "ಶಿವ ಶಿವಾ" ಅಂದು ಮತ್ತೆ ಕೂತುಬಿಟ್ಟೆ. ಇರುವೆ ಗೂಡಿಗೆ ಸಕ್ಕರೆ ಹಾಕುವ ಮನೆತನ ನಮ್ಮದು.

ನಮ್ಮ ಯಜಮಾನರಿಗೆ ಮಂಡಿಪೇಟೆಯಲ್ಲಿ ಸಗಟು ಅಂಗಡಿ. ಅವರ ಚಿಂತೆಯೇ ಬೇರೆ.

"ಆಡೋದು ಪುಕ್ಕಟೆ ಅಂತೀಯ. ಪುಕ್ಕಟೆ ಕೊಟ್ಟು ಅಂಗಡಿ ಹೆಂಗೆ ನಡೆಸ್ತೀಯವ್ವ?"

"ಮಾವಾ, ಆಟ ಪುಕ್ಕಟೆ. ಒಳಗೆ ಹೋದಮ್ಯಾಲೆ ಚೆಂದದ ಅಂಗಿ, ಟೋಪಿ ಬೇಕು ಅನ್ನೋರು ರೊಕ್ಕ ಕೊಡ್ತಾರೆ."

"ಇಲ್ಲದಿರೋ ಟೋಪಿಗೆ ರೊಕ್ಕ ಯಾರು ಕೊಡ್ತಾರೆ?"

"ಗುಡಿಗೆ ಹೋಗೋಕೆ ಯಾರಾದ್ರೂ ರೊಕ್ಕ ಕೇಳ್ತಾರಾ ಮಾವಾ? ಹೂವು, ಕಾಯಿ, ಊದಿನಕಡ್ಡಿ ಅಂಗಡಿ ಮುಚ್ಚ್ಯಾವಾ?"

ಯಜಮಾನರು ಬಟ್ಟಲಿನ ಚಹಾ ಒಂದೇ ಗುಟುಕಿಗೆ ಮುಗಿಸಿದರು. ಮರುದಿನ ಅಂಗಡಿಯಲ್ಲಿ ಆ ಮಾತನ್ನು ತಮ್ಮದೇ ಅಂತ ಹೇಳಿದರಂತೆ.

ಈಗ ಸೊಸೆಯ ಸಂಕಟಕ್ಕೆ ಬರೋಣ. ಮರುದಿನ ಮಧ್ಯಾಹ್ನ ಬೆಂಗಳೂರಿನ ಒಂದು ಕಂಪನಿಯ ಮೇಡಂ ಆಟದೊಳಗೆ ಬಂದು ನೋಡುವವರಿದ್ದರು. ಒಪ್ಪಿದರೆ ಅವರೇ ಆಟವನ್ನು ದೇಶಕ್ಕೆಲ್ಲ ಹಂಚುತ್ತಾರೆ. ಒಪ್ಪದಿದ್ದರೆ, ಗೆಳತಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು, ಅವಳು ಹೊರಡುವವಳೇ. ಒಬ್ಬಳಿಂದ ಎಳೆಯುವ ಬಂಡಿಯಲ್ಲ ಅದು. ಕೋಣೆಗೆ ಮತ್ತೆ ಗೋಧಿ ಮೂಟೆ ಬರುತ್ತವೆ, ಅಷ್ಟೇ. ಆಡುತ್ತೇವೆ ಎಂದು ಮಾತು ಕೊಟ್ಟಿದ್ದ ಕಾಲೇಜಿನವರು ಕ್ರಿಕೆಟ್ ಪಂದ್ಯ ಇದೆ ಎಂದು ಜಾರಿಕೊಂಡಿದ್ದರು.

"ನಮ್ಮ ಸೋಮವಾರದ ಭಜನೆಯೋರು ಇದ್ದಾರಲ್ಲವ್ವ" ಅಂದೆ.

ಸೊಸೆ ನನ್ನನ್ನೇ ನೋಡಿದಳು. "ಭಜನೆಯೋರಾ? ಬಂದೂಕಿಗಾ?"

"ಯಾಕ? ಎಲ್ಲರ ಕೈಯಾಗೂ ಮೊಬೈಲ್ ಐತೆ. ಬೆಳಕು ಹರಿಯೋದ್ರಾಗೆ ಗುಲಾಬಿ ಹೂವಿನ ಶುಭೋದಯ ಕಳಸ್ತಾರೆ. ಬೆರಳಿಗೆ ರೂಢಿ ಐತೆ."

ನನ್ನ ಕೈ ಅಂಟಾಗಿತ್ತಲ್ಲ, ಸೊಸೆಯೇ ಫೋನನ್ನು ನನ್ನ ಕಿವಿಗೆ ಹಿಡಿದಳು. ನಾನು ಹುಣಸೆ ಜಜ್ಜುತ್ತಲೇ ಒಬ್ಬೊಬ್ಬರನ್ನೂ ಯುದ್ಧಕ್ಕೆ ಕರೆದೆ. ಕೊನೆಗೆ ಹರಿಹರಕ್ಕೆ, ನನ್ನ ಬೀಗತಿಗೆ, ಅಂದರೆ ಸೊಸೆಯ ತಾಯಿಗೆ ಫೋನು ಹಚ್ಚಿದೆವು. "ನಮ್ಮ ಓಣಿಯೋರನ್ನೂ, ಸಾರಥಿ ಊರಾಗಿನ ನಮ್ಮ ತಂಗೀನೂ ಕರ್ಕೊಂಡು ಬರ್ತೀನಿ, ಚಿಂತಿ ಬ್ಯಾಡ್ರಿ ಬೀಗ್ತೇರೆ" ಅಂದರು. ಹೆಣ್ಣು ಕೊಟ್ಟವರೇ ದಂಡು ಕಟ್ಟಿಕೊಂಡು ಬರುವುದೆಂದರೆ ಅದೂ ಒಂದು ಪುಣ್ಯ.

ಅವತ್ತು ಸಂಜೆ ದಾವಣಗೆರೆಯವರಿಗೆಲ್ಲ ನಮ್ಮ ಮನೆಯಲ್ಲಿ ಪಾಠ ನಡೆಯಿತು. ಹರಿಹರದವರು ವಿಡಿಯೋದಲ್ಲಿ ನೋಡಿದರು. ಸೊಸೆ ಹೇಳಿದಳು: "ಎದುರಿಗೆ ಬಂದೋರನ್ನ ಹೊಡೀಬೇಕು."

"ಗುರುತಿನೋರಾದ್ರೆ?" ಎಂದು ಯಾರೋ ಕೇಳಿದರು.

ಇಷ್ಟು ದಿನ ಕಟ್ಟಿದ ಆಟದಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ. "ಆದ್ರೂ ಹೊಡೀಬೇಕು ಆಂಟಿ" ಅಂದಳು, ಅನುಮಾನದಲ್ಲೇ. ಇನ್ನೊಬ್ಬರು ಆಟದ ಹೆಂಗಸಿನ ತಲೆಯಲ್ಲಿ ಹೂವಿಲ್ಲ ಎಂದು ತಕರಾರು ಎತ್ತಿದರು. ಮುತ್ತೈದೆ ಬೋಳು ತಲೆಯಲ್ಲಿ ಹೊರಗೆ ಹೋಗುವುದುಂಟೇ, ಅದೂ ಯುದ್ಧಕ್ಕೆ? ಗೆಳತಿ ಪಾಪ, ಅಲ್ಲೇ ಕೂತು ಮಲ್ಲಿಗೆ ದಂಡೆಯೊಂದರ ಚಿತ್ರ ಬಿಡಿಸಿ ಆಟದೊಳಗಿನ ಅಂಗಡಿಗೆ ಸೇರಿಸಿದಳು. ನಮಗಾಗಿ ಅದನ್ನು ಪುಕ್ಕಟೆ ಮಾಡಿದಳು. ಎಲ್ಲರೂ ಮುಡಿದೆವು.

ಹೊರಡುವಾಗ ಸೊಸೆ ಕೈಮುಗಿದು ಹೇಳಿದಳು: "ಒಂದೇ ಮಾತು ನೆನಪಿಟ್ಕಳ್ರಿ. ಕೊನೆಗೆ ಒಬ್ಬರು ಉಳೀಬೇಕು. ಮೊಬೈಲಿನಾಗೆ ಗೆದ್ದೋರ ಹೆಸರಿನ ಪರದೆ ಬರಬೇಕು. ಮೇಡಂ ನೋಡೋಕೆ ಬರೋದೇ ಅದನ್ನ."

ಮರುದಿನ ಊಟ ಮುಗಿಸಿ, ಪಾತ್ರೆ ನೆನೆಹಾಕಿ, ದೇವರಿಗೆ ದೀಪ ಹಚ್ಚಿ, ದೇವರ ಜಗಲಿಯ ಮುಂದೆಯೇ ಕೂತು ಯುದ್ಧಕ್ಕೆ ಇಳಿದೆ. ಆಟದ ಊರು ನಮ್ಮದೇ ಊರಿನ ಹಾಗಿತ್ತು. ಮಂಡಿಪೇಟೆಯಂಥ ಇಕ್ಕಟ್ಟು ಸಂದಿಗಳು, ಆಚೆ ಹರಿಹರದ ಹೊಳೆಯಂಥ ಹೊಳೆ, ಅದಕ್ಕೊಂದು ಸೇತುವೆ. ಫೋನಿನೊಳಗಿಂದ ಎಲ್ಲರ ಮಾತೂ ಕೇಳುತ್ತಿತ್ತು.

"ಊಟ ಆಯ್ತೇನ್ರಿ?"

"ಆಯ್ತು. ಏನ್ ಮಾಡಿದ್ರಿ?"

"ಯಾರ್ರೀ ಅದು ಹೊಳ್ಯಾಗೆ?"

"ನಾನ್ರೀ. ಇಳಿಯೋವಾಗ ಕಾಲು ತಪ್ಪಿತು."

"ಈಜು ಬರ್ತೈತಾ?"

"ಇಲ್ಲಿ ಬರ್ತೈತೆ. ನಮ್ಮ ಮನ್ಯಾಗಿದ್ದಾಗ ಬರಾಂಗಿಲ್ಲ."

ಒಬ್ಬರೂ ಗುಂಡು ಹಾರಿಸಲಿಲ್ಲ. ಬಂದೂಕನ್ನು ಹೆಗಲಿಗೆ ಹಾಕಿಕೊಂಡು, ಮಲ್ಲಿಗೆ ಮುಡಿದು, ಸಂದಿಯ ಬಾಯಲ್ಲಿ ಗುಂಪಾಗಿ ನಿಂತಿದ್ದೆವು. ಕೂರಲು ಒತ್ತುವ ಗುಂಡಿ ಯಾವುದೆಂದು ಯಾರಿಗೋ ಗೊತ್ತಾಯಿತು. "ಬರ್ರಿ, ಕೂಡ್ರಿ" ಅಂದರು. ಎಲ್ಲರೂ ಕೂತೆವು. ಮಾಳಿಗೆಯ ಮೇಲೆ ಕುರ್ಚಿ ಸರಿದ ಸದ್ದಾಯಿತು. ಸೊಸೆ ತಲೆ ಮೇಲೆ ಕೈ ಹೊತ್ತಿರಬೇಕು.

ಅಷ್ಟರಲ್ಲಿ ಕರಿ ಟೋಪಿಯ ಒಬ್ಬಳು ಓಡುತ್ತಾ ಬಂದವಳೇ ನಮ್ಮ ಮೇಲೆ ಢಮಢಮ ಹಾರಿಸಿದಳು. ಕಂಪನಿಯ ಮೇಡಂ! ನಮ್ಮವರು ನಾಲ್ಕೈದು ಜನ ಅಲ್ಲೇ ಉರುಳಿದರು.

"ಯಾರವ್ವ ನೀನು? ಯಾರ ಮನೆ ಮಗಳು?" ಎಂದು ಸತ್ತವರೊಬ್ಬರು ಗದರಿಸಿದರು. "ಬಂದೋಳೆ ಮಾತಿಲ್ಲ ಕತೆಯಿಲ್ಲ, ಹೊಡಿಯೋದಾ?"

"ಸಾರಿ ಆಂಟಿ, ಇದು ಆಟ" ಅಂದಿತು ಆ ಧ್ವನಿ.

"ಆಟ ಆದ್ರೇನು? ಮದುವಿ ಆಗೈತಾ?"

ಮೇಡಂ ಬಂದೂಕು ಇಳಿಸಿ ನಿಂತರು. ಅದೇ ಹೊತ್ತಿಗೆ ನಾನು ಮುಖ ಆ ಕಡೆ ತಿರುಗಿಸಲು ಹೋಗಿ ಯಾವುದೋ ಗುಂಡಿ ಒತ್ತಿದೆ. ಢಂ ಎಂದಿತು. ಮೇಡಂ ಬಿದ್ದರು. ನನ್ನ ಜನ್ಮದಲ್ಲಿ ಒಂದು ಜಿರಲೆಯನ್ನೂ ನೇರ ಹೊಡೆದವಳಲ್ಲ ನಾನು.

ಆಮೇಲೆ ಧೂಳು ಬಂತು. ಎದ್ದು ಓಡಿ ಎಂದು ಸೊಸೆ ಕೂಗಿದರೂ, ಮಾತಿನ ನಡುವೆ ಏಳುವುದು ಹೇಗೆ? ಕೂತಲ್ಲೇ ಒಬ್ಬೊಬ್ಬರಾಗಿ ಹೋದರು. "ನಾನು ಸತ್ತೆನ್ರೀ. ಒಲಿ ಮ್ಯಾಲೆ ಹಾಲು ಐತೆ, ನೋಡಿ ಬರ್ತೀನಿ" ಎನ್ನುತ್ತಿದ್ದರು, ಹಾಲು ಇಳಿಸಿ ಬಂದು ಮತ್ತೆ ಮಾತಿಗೆ ಕೂರುತ್ತಿದ್ದರು. ಪಕ್ಕದವರೆಲ್ಲ ಹೋದ ಮೇಲೆ ನಾನು ಸೇತುವೆಗೆ ಓಡಿದೆ. ಆ ತುದಿಯಿಂದ ಮಲ್ಲಿಗೆ ಮುಡಿದ ಇನ್ನೊಬ್ಬರು ಬಂದರು.

"ಬೀಗ್ತೇರೆ, ನೀವಾ?" ಅಂದೆ.

"ನಾನೇರೀ. ಆರಾಮಾ?"

"ಆರಾಮ್ರಿ. ಇನ್ನ ಉಳಿದೋರು ನಾವಿಬ್ಬರೇ ಅಂತೆ. ಹೊಡೀರಿ ಮತ್ತೆ."

"ಅಯ್ಯೋ, ನಾವು ಹೆಣ್ಣು ಕೊಟ್ಟೋರು. ಗಂಡಿನ ಕಡೆಯೋರಿಗೆ ಗುಂಡು ಹೊಡೆದ್ರೆ ಜನ ಏನಂದಾರು? ನೀವು ಹೊಡೀರಿ."

"ಈ ಊರು ನಮ್ಮ ಮಾಳಿಗೆ ಮ್ಯಾಲಿಂದು. ನೀವು ಬಂದೋರು. ಮನೆಗೆ ಬಂದೋರಿಗೆ ಹೊಡೀತಾರಾ ಬೀಗ್ತೇರೆ?"

ಮದುವೆಯಲ್ಲೂ ಹೀಗೇ ಆಗಿತ್ತು. ತಾಳಿ ಕಟ್ಟಿದ ದಿನ ಊಟದ ಪಂಕ್ತಿಯ ಬಾಗಿಲಲ್ಲಿ "ನೀವು ಮೊದಲು", "ನೀವು ಮೊದಲು" ಎಂದು ನಾವಿಬ್ಬರೂ ನಿಂತು, ಹಿಂದಿದ್ದವರ ಹೋಳಿಗೆ ತಣ್ಣಗಾಗಿತ್ತು. ಅಂದು ನಮ್ಮನ್ನು ಒಟ್ಟಿಗೇ ಒಳಕ್ಕೆ ನೂಕಿದವಳು ಇದೇ ಸೊಸೆ, ಬಾಸಿಂಗ ಕಟ್ಟಿಕೊಂಡೇ.

"ಅವ್ವಾ! ಅತ್ತೀ! ಯಾರಾದ್ರೂ ಒಬ್ಬರು ಹೊಡೀರಿ!" ಈಗ ಮಾಳಿಗೆಯಿಂದ ಅಳುವಂಥ ಧ್ವನಿ ಬಂತು. ಧೂಳು ಸೇತುವೆಯ ಎರಡೂ ತುದಿ ಮುಟ್ಟಿತ್ತು.

ಸೊಸೆಯ ಕೋಣೆ ನೆನಪಾಯಿತು. ಹೊಡೆಯಲು ಕೈ ಬರುವುದಿಲ್ಲ, ನಿಜ. ಆದರೆ ನಾನೇ ಧೂಳಿನೊಳಗೆ ನಡೆದರೆ ಬೀಗತಿ ಉಳಿಯುತ್ತಾರೆ, ಪರದೆ ಬರುತ್ತದೆ, ಮರ್ಯಾದೆಯೂ ಉಳಿಯುತ್ತದೆ. ದೀಪಕ್ಕೆ ಕೈಮುಗಿದು ನಡೆದೆ.

"ಎಲ್ಲಿಗೆ ಹೊಂಟ್ರಿ? ಒಬ್ಬರೇ ಹೋಗಬ್ಯಾಡ್ರಿ! ಬರ್ರಿ ಈ ಕಡೆ!" ಎಂದು ಬೀಗತಿ ನನ್ನನ್ನು ಕರೆತರಲು ಹಿಂದೆಯೇ ಓಡಿ ಬಂದರು.

ಇಬ್ಬರೂ ಸತ್ತೆವು.

ಫೋನು ಕಪ್ಪಗಾಯಿತು. ಗೆದ್ದವರ ಪರದೆ ಇಲ್ಲ, ಸೋತವರದೂ ಇಲ್ಲ. ಕೊನೆಯವರಿಬ್ಬರು ಒಟ್ಟಿಗೆ ಸಾಯುತ್ತಾರೆಂದು ಆಟಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೊಸೆ ಮೆಲ್ಲಗೆ ಇಳಿದು ಬಂದು, ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಮುಖ ನೋಡಲಾಗಲಿಲ್ಲ. ಶಿವಾ, ಕೆಡಿಸಿಬಿಟ್ಟೆನಲ್ಲ ಅಂದುಕೊಂಡೆ.

ಆ ಕಪ್ಪಿನೊಳಗಿಂದ ಒಂದು ನಗು ಕೇಳಿತು. ಮೇಡಂ ನಗುತ್ತಿದ್ದರು. ನಿಲ್ಲಿಸಲು ಹೋಗಿ ಬಿಕ್ಕಳಿಕೆ ಹತ್ತಿತು. ನಮ್ಮವರಲ್ಲಿ ಯಾರೋ "ನೀರು ಕುಡಿಯವ್ವ" ಅಂದರು. ಮೇಡಂ ಕುಡಿದು ಬಂದು ಸೊಸೆಗೆ ಹೇಳಿದರು: "ಸತ್ತವರು ಯಾರೂ ಆಟ ಮುಚ್ಚಿ ಹೋಗಲಿಲ್ಲ, ಗಮನಿಸಿದ್ರಾ? ನಾನು ನೋಡೋ ಆಟಗಳಲ್ಲಿ ಸತ್ತ ತಕ್ಷಣ ಎದ್ದು ಹೋಗ್ತಾರೆ. ಇಬ್ಬರೂ ಒಟ್ಟಿಗೆ ಸತ್ತರೆ ಏನಾಗಬೇಕು ಅನ್ನೋದನ್ನ ಸರಿ ಮಾಡಿ, ಮುಂದಿನ ತಿಂಗಳು ಮತ್ತೆ ತೋರಿಸಿ. ಇದೇ ಜನ ಇರಲಿ."

ಫೋನಿಟ್ಟ ಮೇಲೆ ಸೊಸೆ ಅಂದಳು, "ಹೂಂ ಅನ್ನಲಿಲ್ಲ ಅತ್ತೀ."

"ಊಹೂಂ ಅಂತಾನೂ ಅನ್ನಲಿಲ್ಲವಲ್ಲವ್ವ."

ಗೆಳತಿಯೂ ಇಳಿದು ಬಂದು, ಅಲ್ಲೇ ನಿಂತು ಪುಣೆಯವರಿಗೆ ಫೋನು ಹಚ್ಚಿದಳು. ಒಂದು ತಿಂಗಳು ಕಾಯುತ್ತೇವೆ ಅಂದರಂತೆ. ಕೋಣೆ ಉಳಿಯಿತು, ತಿಂಗಳ ಮಟ್ಟಿಗಾದರೂ. ಕೇಳಿದ್ದೆಲ್ಲ ಒಟ್ಟಿಗೆ ಕೊಡುವವನಲ್ಲ ಶಿವ. ತುತ್ತು ತುತ್ತಾಗಿ ಕೊಡುತ್ತಾನೆ, ಅದೂ ನುಂಗುವಷ್ಟೇ.

ನಿನ್ನೆಯಿಂದ ಅರ್ಧಕ್ಕೆ ನಿಂತಿದ್ದ ಹುಣಸೆಹಣ್ಣಿನ ಮುಂದೆ ಮತ್ತೆ ಕೂತೆ. ಕೈ ಅಂಟಾಗುವ ಹೊತ್ತಿಗೇ ಹರಿಹರದಿಂದ ಫೋನು. ಸೊಸೆ ಕಿವಿಗೆ ಹಿಡಿದಳು.

"ಬೀಗ್ತೇರೆ, ಮುಂದಿನ ತಿಂಗಳು ಹೊಡೀತೀರಲ್ಲ?"

"ನೀವು ಮೊದಲು ಹೊಡೀರಿ, ಆಮ್ಯಾಲೆ ನೋಡೋಣ" ಅಂದೆ.

ಸೊಸೆ ನಿಟ್ಟುಸಿರು ಬಿಟ್ಟು ಮಾಳಿಗೆ ಹತ್ತಿದಳು. ನಾನು ಕಲ್ಲುಪ್ಪಿನ ಡಬ್ಬಿ ಎಳೆದುಕೊಂಡು, ಬೀಜ ಬಿಡಿಸಿದ ಹಣ್ಣಿಗೆ ಉಪ್ಪು ಬೆರೆಸಿ ಉಂಡೆ ಕಟ್ಟತೊಡಗಿದೆ.