ಕೆಂಪು ಪಟ್ಟಿಯ ಕಂಬಿಗಳು

ಜಯಪಾಲನಷ್ಟು ಅಚ್ಚುಕಟ್ಟಿನ ಮನುಷ್ಯ ಆ ಕಂಪನಿಯಲ್ಲಿ ಇನ್ನೊಬ್ಬನಿರಲಿಲ್ಲ. ಅದೇ ಅವನಿಗೆ ಮುಳುವಾಯಿತು.

ಬೆಳ್ಮಣ್ಣಿನವನು. ಹೆಂಡತಿ ಚಂದ್ರಮತಿಯ ಜೊತೆ ದುಬೈಯ ಮಿರ್ದಿಫ್‌ನ ಒಂದೇ ಕೋಣೆಯಲ್ಲಿ ವಾಸ. ಹತ್ತಾ ಎಂಬ ಗುಡ್ಡದೂರಿನ ಕಡೆಯ ಒಂದು ವಾದಿಯ ದಡ ನೋಡಿಕೊಳ್ಳುವ ಸೂಪರ್‌ವೈಸರ್. ವಾದಿ ಎಂದರೆ ವರ್ಷವೆಲ್ಲ ಒಣಗಿ ಬಿದ್ದಿರುವ ಹೊಳೆ. ಮಳೆ ಬಂದ ದಿನ ಅದಕ್ಕೆ ಹುಚ್ಚು ಹಿಡಿಯುತ್ತದೆ. ದಡದ ಮಣ್ಣು, ತೋಟಗಳ ಗೊಬ್ಬರ ಎಲ್ಲವನ್ನೂ ಕೊಚ್ಚಿಕೊಂಡು ಹೋಗಿ ಕೆಳಗಿನ ಕಟ್ಟೆಗೆ ಸುರಿಯುತ್ತದೆ. ಆಮೇಲೆ ಕಟ್ಟೆಯ ನೀರು ಪಾಚಿಗಟ್ಟಿ ನಾರುತ್ತದೆ.

ದಡದ ಮಣ್ಣಿನ ಗೋಡೆಯೊಳಗೆ ಅಡ್ಡಲಾಗಿ ಇಪ್ಪತ್ತು ಕಬ್ಬಿಣದ ಕಂಬಿ ಹೊಡೆದಿದ್ದರು, ಒಂದೊಂದರ ತಲೆಗೂ ಕೆಂಪು ಪಟ್ಟಿ. ಮಳೆಯಾದ ಮೇಲೆ ಅವು ಹೊರಗೆ ಇಣುಕುತ್ತಿದ್ದವು. ಇನ್‌ಸ್ಪೆಕ್ಷನ್‌ಗೆ ಮುಂಚೆ ಜಯಪಾಲ ಸುತ್ತಿಗೆ ಹಿಡಿದು ಹೋಗಿ ಎಲ್ಲವನ್ನೂ ಕೆಂಪು ಪಟ್ಟಿಯವರೆಗೆ ಬಡಿದು ಬರುತ್ತಿದ್ದ. ಬಡಿ ಎಂದು ಯಾರೂ ಹೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ. ಹೀಗೆ ಎರಡು ವರ್ಷ.

2016ರ ಫೆಬ್ರವರಿಯಲ್ಲಿ ಶಿರ್ವದ ಲಿಯೊನೆಲ್ ಹೊಸ ಇಂಜಿನಿಯರ್ ಆಗಿ ಬಂದ. ಒಂದು ದಿನ ಚಹಾ ಕುಡಿಯುತ್ತ ಅಂದ: "ಕಂಬಿ ಎಷ್ಟು ಹೊರಗೆ ಬಂತೋ ಅಷ್ಟು ದಡ ಹೋಯ್ತು ಅಂತ ಲೆಕ್ಕ ಮಾರಾಯ. ನಿನ್ನ ದಡ ಒಂದಿಂಚೂ ಹೋಗ್ಲಿಲ್ಲ. ಕಲ್ಲಿನ ತಡೆ ಬೇಡ ಅಂತ ಮೇಲಿನವರು ಫೈಲು ಮುಚ್ಚಿದ್ದಾರೆ. ಖಲಾಸ್."

ಜಯಪಾಲ ಮನಸ್ಸಿನಲ್ಲೇ ಹೆಜ್ಜೆ ಎಣಿಸಿದ. ಆ ದಡದ ಮೇಲೆಯೇ ತೋಟದ ಅಡುಗೆಯವಳಾದ ಉಳ್ಳಾಲದ ಬೀಪಾತುಮ್ಮನ ಕೋಣೆ. ಮೊದಲ ವರ್ಷ ಅದರ ಹಿಂಗೋಡೆಯಿಂದ ಅಂಚಿಗೆ ಹನ್ನೊಂದು ಹೆಜ್ಜೆ, ಈಗ ಐದು. ಕಾಲಿಗೆ ಗೊತ್ತಿದ್ದದ್ದು ತಲೆಗೆ ಹತ್ತಿರಲಿಲ್ಲ.

ಚಂದ್ರಮತಿಗೆ ಹೇಳಿದ. ಬಾಯಿ ಬಿಟ್ಟರೆ ವೀಸಾ ಕ್ಯಾನ್ಸಲ್, ನನ್ನ ವೀಸಾವೂ ನಿಮ್ಮದರ ಮೇಲೆಯೇ ಅಲ್ಲವಾ ಎಂದಳು ಅವಳು. ಸುಳ್ಳಲ್ಲ. ಹೆದರಿಕೆ ಹೊಟ್ಟೆಯೊಳಗಿನದು, ಅದಕ್ಕೆ ನ್ಯಾಯ ಅನ್ಯಾಯ ಗೊತ್ತಾಗುವುದಿಲ್ಲ. ಹನ್ನೆರಡು ದಿನ ಅವನು ತಿಂದದ್ದನ್ನೆಲ್ಲ ವಾಂತಿ ಮಾಡಿಕೊಂಡು ಸುಮ್ಮನಿದ್ದ.

ಮಾರ್ಚ್‌ನಲ್ಲಿ ಭಾರೀ ಮಳೆಯ ಸುದ್ದಿ ಬಂತು. ಬೆಳಿಗ್ಗೆಯೇ ಹಾರೆ ಹಿಡಿದು ವಾದಿಗೆ ಹೋದ. ಕಂಬಿಗಳನ್ನು ತಾನೇ ಒಂದಷ್ಟು ಹೊರಗೆಳೆದಿಟ್ಟರೆ ದಡ ಹೋಗಿದ್ದು ಲೆಕ್ಕಕ್ಕೆ ಸಿಗುತ್ತದೆ, ತನ್ನ ತಪ್ಪು ಯಾರಿಗೂ ಸಿಗುವುದಿಲ್ಲ ಎಂಬುದು ಅವನ ಉಪಾಯ. ಹಾರೆ ತಾಗಿದ್ದೇ ತಡ, ಮೊದಲ ಕಂಬಿ ಎಮ್ಮೆತಲೆಯಷ್ಟು ದೊಡ್ಡ ಮಣ್ಣಿನ ಹೆಂಟೆಯೊಂದಿಗೆ ಕಳಚಿ ಕಾಲ ಬುಡಕ್ಕೆ ಬಿತ್ತು. ಮೇಲೆ ಹತ್ತಿ ನೋಡಿದರೆ ಬಿರುಕು ಕೋಣೆಯ ಹಿಂಗೋಡೆಯವರೆಗೆ ಓಡಿತ್ತು.

ಸದ್ದಿಗೆ ಬೀಪಾತುಮ್ಮ ಹೊರಗೆ ಬಂದಳು. "ಎಂತ ಜಯಪಾಲಣ್ಣ, ಕಂಬಿ ಸರಿ ಮಾಡ್ಲಿಕ್ಕಾ? ನೀವು ಬಂದು ನೋಡಿ ಹೋದ್ರೆ ನನಗೊಂದು ಧೈರ್ಯ."

ಜಯಪಾಲ ಹಾರೆ ಕೆಳಗಿಟ್ಟ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಲಿಯೊನೆಲ್‌ಗೆ ಫೋನ್ ಮಾಡಿ ಸುತ್ತಿಗೆಯಿಂದ ಹಿಡಿದು ಹಾರೆಯವರೆಗೆ ಎಲ್ಲ ಹೇಳಿದ. ಲಿಯೊನೆಲ್ ಎರಡೇ ಮಾತು ಹೇಳಿದ.

"ಮೊದಲು ಅವಳನ್ನು ಮೇಲೆ ಹತ್ತಿಸು. ಆಮೇಲೆ ಬರೆದು ಸಹಿ ಹಾಕಿ ಕೊಡು."

ಹಾಸಿಗೆ, ಅಕ್ಕಿಚೀಲ, ಆರು ಕೋಳಿ. ಬಿಸಿಲು ಕಾಯುವಾಗ ಇದೆಂತ ಮಂಗಾಟ ಎಂದು ಬೈಯುತ್ತಲೇ ಅವಳು ಗುಡ್ಡದ ಬದಿಯ ಗೋದಾಮಿಗೆ ನಡೆದಳು. ಮಧ್ಯಾಹ್ನದ ಮೇಲೆ ಮಳೆ ಹೊಯ್ಯಿತು. ಹಿಂಗೋಡೆ ಮೊದಲು ಹೋಯಿತು, ಹಿಂದೆಯೇ ಅವಳ ಮಂಚ. ಕೆಂಪು ನೀರು ಎರಡನ್ನೂ ನುಂಗಿ ಕಟ್ಟೆಯ ಕಡೆ ಓಡಿತು. ಬೀಪಾತುಮ್ಮ ಬೈಗಳ ನಿಲ್ಲಿಸಿದಳು.

ಭಾನುವಾರ, ಅಲ್ಲಿ ವಾರದ ಮೊದಲ ಕೆಲಸದ ದಿನ, ಆಫೀಸಿಗೆ ಕರೆದರು. ಕೇಳುವ ಮೊದಲೇ ಇರಲಿ ಎಂದು ಪಾಸ್‌ಪೋರ್ಟ್ ಹಿಡಿದುಕೊಂಡೇ ಹೋದ. ವೀಸಾ ಉಳಿಯಿತು, ಸೂಪರ್‌ವೈಸರ್ ಪಟ್ಟ ಹೋಯಿತು. ದಡಕ್ಕೆ ತಂತಿಬಲೆಯಲ್ಲಿ ಕಟ್ಟಿದ ಕಲ್ಲು ಬಂತು, ಅದರ ಮೇಲೆ ಬೇರು ಬಿಡಲೆಂದು ಬೋರೆಗಿಡ ನೆಟ್ಟರು.

ಕಂಬಿ ಅಳೆಯುವ ಕೆಲಸ ಈಗ ಜಯಪಾಲನದೇ. ಸುತ್ತಿಗೆ ಮುಟ್ಟುವುದಿಲ್ಲ. ಮೋಡ ಕಂಡರೆ ಈಗಲೂ ಅನ್ನ ಸೇರುವುದಿಲ್ಲ. ಹೊಸ ಕೋಣೆಯಿಂದ ಅಂಚಿಗೆ ಎಷ್ಟು ಹೆಜ್ಜೆ ಎಂದು ಬೀಪಾತುಮ್ಮ ತಾನೇ ಅಳೆಯುತ್ತಾಳೆ. ಸುತ್ತಿಗೆಯ ಕಥೆ ಈಗ ಅವಳಿಗೂ ಗೊತ್ತು. ಅವನಿಗೆ ಚಹಾ ಕೊಡುತ್ತಾಳೆ, ಅವನ ಲೆಕ್ಕವನ್ನು ಮಾತ್ರ ನಂಬುವುದಿಲ್ಲ.