ಬೂದು ಸಮವಸ್ತ್ರ ಒಗೆದವಳು

ಲಾಂಡ್ರಿಯಕ್ಕ ತನ್ನ ದೊಡ್ಡ ಮಗಳನ್ನು ಎತ್ತಿಕೊಂಡು ನಮ್ಮ ಆರೋಗ್ಯ ಕೇಂದ್ರಕ್ಕೆ ಮೊದಲ ಸಲ ಬಂದಾಗ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಮಕ್ಕಳ ತೂಕ ನೋಡುವುದು, ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಬೀದಿಯ ಮಕ್ಕಳಿಗೆಲ್ಲ ನಾನು ಸೂಜಿ ಆಂಟಿ, ನನ್ನ ಮುಖ ಕಂಡರೇ ಅಳು. ಆ ಕೂಸು ಮಾತ್ರ ಅಳಲಿಲ್ಲ. ಒಂದೂವರೆ ವರ್ಷ ತುಂಬಿರಲಿಲ್ಲ, ಸೂಜಿ ನೋಡಿ "ಬೇಡ, ಹೋಗು" ಅಂದುಬಿಟ್ಟಿತು.

"ಇವಳ ಬಾಯಿಗೆ ಬೀಗ ಇಲ್ಲ ಸಿಸ್ಟರ್, ಅವರಪ್ಪನ ಹಾಗೆ" ಎಂದು ಲಾಂಡ್ರಿಯಕ್ಕ ನಕ್ಕಳು.

ಮೂರಂತಸ್ತಿನ ಕಟ್ಟಡದ ಕೆಳಗೆ ಅವರ ಅಂಗಡಿ. ಮುಂದೆ ಗಂಡನ ಇಸ್ತ್ರಿ ಮೇಜು, ಹಿಂದೆ ಒಂದೇ ಕೋಣೆಯ ಮನೆ, ಅದರ ಹಿಂದೆ ಸಿಮೆಂಟಿನ ತೊಟ್ಟಿ, ಒಗೆಯುವ ಕಲ್ಲು. ಕಲೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಅಂಗಿಯನ್ನು ಬೆಳಕಿಗೆ ಹಿಡಿದು, "ಇದು ಶಾಯಿ, ಇದು ಎಣ್ಣೆ, ಇದು ಹೆಂಡತಿಗೆ ಗೊತ್ತಾಗಬಾರದ್ದು" ಎನ್ನುತ್ತಿದ್ದಳು. ಬಟ್ಟೆ ಕೊಡಲು ಬಂದವರು ಸ್ವಲ್ಪ ಹೊತ್ತು ನಿಂತು ಮಾತಾಡಿಯೇ ಹೋಗುತ್ತಿದ್ದರು.

ದೊಡ್ಡವಳಿಗೆ ಎರಡು ತುಂಬುವ ಹೊತ್ತಿಗೆ ಅವರಿಗೆ ಬ್ಯಾಟರಿ ಕಾರ್ಖಾನೆಯ ಬಟ್ಟೆ ಸಿಕ್ಕಿತು. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಜಾಗ ಅದು. ವಾರಕ್ಕೆ ಅರವತ್ತು ಜೊತೆ ಸಮವಸ್ತ್ರ. ತೊಟ್ಟಿಗೆ ಹಾಕುವ ಮುಂಚೆ ಒಂದೊಂದನ್ನೂ ಜೇಬು ಹೊರಗೆಳೆದು ಕೊಡವಬೇಕು, ಇಲ್ಲದಿದ್ದರೆ ನೀರೆಲ್ಲ ಕೆಸರು. ಅವಳು ಕೊಡವುತ್ತಿದ್ದಳು, ಬೂದಿಯಂಥ ಪುಡಿ ಹಾರಿ ರೆಪ್ಪೆಯ ಮೇಲೆ, ತುಟಿಯ ಮೇಲೆ ಕೂರುತ್ತಿತ್ತು. ಸೆರಗಿನಿಂದ ಒರೆಸಿಕೊಂಡು ಮುಂದಿನದು. ಎದೆಯ ಮೇಲೆ ಬೂದು ಇದ್ದರೆ ಒಲೆಯವನು, ಮೊಣಕಾಲಿನ ಮೇಲಿದ್ದರೆ ಒಡೆಯುವವನು ಎಂದು ಮುಖ ನೋಡದೆಯೇ ಅರವತ್ತು ಜನರನ್ನೂ ಗುರುತಿಸುತ್ತಿದ್ದಳು.

ಮರುವರ್ಷ ಮತ್ತೆ ಬಸುರಿಯಾದಳು. ತಾಯಿ ಕಾರ್ಡು ಬರೆದವಳು ನಾನೇ. ಅದರಲ್ಲಿ 'ಉದ್ಯೋಗ' ಅಂತ ಒಂದು ಸಾಲಿದೆ. ನಾನು ಕೇಳಲೂ ಇಲ್ಲ, 'ಗೃಹಿಣಿ' ಎಂದು ಬರೆದೆ. ಒಂಬತ್ತನೇ ತಿಂಗಳವರೆಗೂ ಅವಳು ಆ ಬಟ್ಟೆ ಕೊಡವಿದಳು.

ಹುಟ್ಟಿದ್ದು ಹೆಣ್ಣು. ಎರಡು ಕಿಲೋ ಮುನ್ನೂರು. ಎಲ್ಲರೂ ಪುಟ್ಟಿ ಅಂದರು. ಕೂರುವುದು ತಡವಾಯಿತು, ನಡೆಯುವುದೂ ತಡವಾಯಿತು. ಒಂದೂವರೆ ವರ್ಷಕ್ಕೆ ಒಂದು ಮಾತೂ ಇಲ್ಲ. ಗಂಟೆ ಬಾರಿಸಿದರೆ ತಿರುಗುತ್ತಿದ್ದಳು, ಕಿವಿ ಸರಿಯಾಗಿಯೇ ಇತ್ತು.

"ಅಕ್ಕ ಮಾತನ್ನ ದುಂದು ಮಾಡ್ತಾಳಲ್ಲ, ಇವಳು ಕೂಡಿಡ್ತಿದಾಳೆ" ಎಂದು ಗಂಡ ತಮಾಷೆ ಮಾಡಿದ.

ಲಾಂಡ್ರಿಯಕ್ಕ ನಗಲಿಲ್ಲ. "ಸಿಸ್ಟರ್, ಇವಳು ನನ್ನ ಮುಖ ನೋಡ್ತಾಳೆ, ಆದ್ರೆ ಏನೋ ಹುಡುಕ್ತಿರೋ ಹಾಗೆ ನೋಡ್ತಾಳೆ. ಏನಾದ್ರೂ ಇರಬಹುದಾ?"

"ಕೆಲವು ಮಕ್ಕಳು ನಿಧಾನ. ಹೆದರಬೇಡಿ" ಎಂದು ಕಳಿಸಿದೆ. ಹೀಗೆ ಮೂರು ಸಲ ಕಳಿಸಿದ್ದೇನೆ.

ಪುಟ್ಟಿಗೆ ಮೂರಾದಾಗ ನಮ್ಮ ಕೇಂದ್ರಕ್ಕೆ ಹೊಸ ಮಕ್ಕಳ ಡಾಕ್ಟರಮ್ಮ ಬಂದರು. ಮೂರು ಮರದ ತುಂಡು ಕೊಟ್ಟು ಒಂದರ ಮೇಲೊಂದು ಇಡು ಎಂದರು. ಪುಟ್ಟಿ ಒಂದನ್ನು ಹಿಡಿದುಕೊಂಡು ಸುಮ್ಮನೆ ಕೂತಳು. ಡಾಕ್ಟರಮ್ಮ ಮಗುವಿನಿಂದ ಕಣ್ಣೆತ್ತಿ ತಾಯಿಯ ಕೈಗಳನ್ನು ನೋಡಿದರು, ಉಗುರಿನ ಸಂದಿಯಲ್ಲಿ ಬೂದು. "ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು. ಐದು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲಿಗರು ಅವರು.

ರಕ್ತ ಪರೀಕ್ಷೆ ಮಾಡಿಸಿದಾಗ ತಾಯಿ, ಮಗು ಇಬ್ಬರ ರಕ್ತದಲ್ಲೂ ಸೀಸ ಇತ್ತು. ತಾಯಿಯದರಲ್ಲಿ ಇನ್ನೂ ಹೆಚ್ಚು.

"ಇದು ಮೂಳೆಗೆ ಸೇರಿಕೊಳ್ಳುತ್ತೆ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. "ಬಸಿರಲ್ಲಿ ಮಗುವಿಗೆ ಸುಣ್ಣದಂಶ ಬೇಕಾದಾಗ ತಾಯಿ ಮೂಳೆ ಕರಗುತ್ತೆ. ಅದರ ಜೊತೆ ಇದೂ ಹೋಗುತ್ತೆ. ಮಿದುಳು ಬೆಳೆಯೋ ಸಮಯ ಅದು."

ಲಾಂಡ್ರಿಯಕ್ಕ ಪುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಹಾಗಾದ್ರೆ ನಾನೇ ಕೊಟ್ಟೆ" ಅಂದಳು.

"ನೀವಲ್ಲಮ್ಮ. ನಿಮಗೆ ಯಾರೂ ಹೇಳಿರಲಿಲ್ಲ."

ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಅವಳು ಮರುದಿನವೇ ಕಾರ್ಖಾನೆಗೆ ಹೋದಳು. ಬಟ್ಟೆಗಳನ್ನು ಒಳಗೇ ಒಗೆಸಿ, ಹೊರಗೆ ಕಳಿಸಬೇಡಿ ಎಂದು ಕೇಳಿದಳು. ಮ್ಯಾನೇಜರು, "ನಿಮ್ಮ ಮಗು ಹೀಗಾಗಿದ್ದು ನಮ್ಮಿಂದಲೇ ಅಂತ ಡಾಕ್ಟರ್ ಹತ್ರ ಬರೆಸಿಕೊಂಡು ಬನ್ನಿ" ಎಂದರಂತೆ. ಒಂದೇ ಮಗುವಿನ ವಿಷಯದಲ್ಲಿ ಹಾಗೆ ಖಡಾಖಂಡಿತ ಬರೆಯಲು ಯಾವ ಡಾಕ್ಟರಿಗೂ ಆಗುವುದಿಲ್ಲ. ನಮ್ಮ ಡಾಕ್ಟರಮ್ಮ ಬರೆಯಬಹುದಾದಷ್ಟನ್ನು ಬರೆದುಕೊಟ್ಟರು. ಅದು ಸಾಲಲಿಲ್ಲ. ಮುಂದಿನ ವಾರ ಸಮವಸ್ತ್ರದ ಗಂಟು ಬರಲಿಲ್ಲ. ಬೀದಿಯ ಕೊನೆಯ ಟೈಲರಮ್ಮನ ಮನೆಗೆ ಹೋಯಿತು. ಒಗೆಯುವವಳು ಅವರ ಸೊಸೆ. ಅವಳಿಗೆ ಆಗ ನಾಲ್ಕು ತಿಂಗಳು.

ವಿಷಯ ಕಿವಿಗೆ ಬಿದ್ದ ಕೂಡಲೇ ಲಾಂಡ್ರಿಯಕ್ಕ ಓಡಿದಳು. ಬಾಗಿಲಲ್ಲೇ ಟೈಲರಮ್ಮ ಅಡ್ಡ ನಿಂತರು. "ನಿನ್ನ ಕೆಲಸ ನಮಗೆ ಬಂತು ಅಂತ ಹೊಟ್ಟೆಕಿಚ್ಚಾ? ಬಸುರಿ ಹೆಂಗಸಿನ ಮುಂದೆ ಅಪಶಕುನ ನುಡೀಬೇಡ, ನಡಿ." ನಾನೂ ಹೋಗಿ ಹೇಳಿದೆ. "ನೀವೇ ಅಲ್ವಾ ಹೆದರಬೇಡಿ ಅಂದೋರು?" ಎಂದು ನನ್ನ ಬಾಯಿ ಮುಚ್ಚಿಸಿದರು.

ಮೂರನೇ ದಿನ ಲಾಂಡ್ರಿಯಕ್ಕ ಮತ್ತೆ ಹೋದಳು. "ಚಿಕ್ಕಮ್ಮಾ, ಕೂಲಿ ನೀವೇ ಇಟ್ಕೊಳ್ಳಿ. ಆ ಗಂಟು ಮಾತ್ರ ನಿಮ್ಮ ಮನೆಗೆ ತರಿಸಬೇಡಿ. ಒಗೆದು ಒಣಗಿಸಿ ನಾನು ತಂದುಕೊಡ್ತೀನಿ. ಅವಳು ಇಸ್ತ್ರಿ ಮಾಡಲಿ ಸಾಕು. ಅವಳ ಹೆರಿಗೆ ಆಗೋವರೆಗೆ."

ಟೈಲರಮ್ಮನಿಗೆ ನಂಬಿಕೆ ಬರಲಿಲ್ಲ. ಪುಕ್ಕಟೆ ದುಡಿತ ಯಾರಿಗೆ ಬೇಡ, ಒಪ್ಪಿಕೊಂಡರು.

ಲಾಂಡ್ರಿಯಕ್ಕನ ಗಂಡ ಕೂಗಾಡಿದ. "ಊರ ಉಸಾಬರಿ ನಿನಗ್ಯಾಕೆ? ನಿನ್ನ ಮೈಯೇ ಸರಿಯಿಲ್ಲ!" ನಾನೂ ಬೇಡವೆಂದೆ. "ನನ್ನ ಮೂಳೆಯಲ್ಲಿ ಹೇಗೂ ತುಂಬಿಕೊಂಡಿದೆ ಸಿಸ್ಟರ್. ಖಾಲಿ ಇರೋರಿಗೆ ಯಾಕೆ ಹಾಕಬೇಕು?" ಅಂದಳು. ಕಾರ್ಖಾನೆಯ ಹಿಂದಿನ ನಲ್ಲಿಯಲ್ಲಿ ಒಗೆಯಲು ಕಾವಲುಗಾರ ಬಿಟ್ಟ. ಕೊಡವದೆ, ನೇರ ನೀರಿಗೆ ಮುಳುಗಿಸಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಅಲ್ಲೇ ಸೀರೆ ಬದಲಾಯಿಸಿ ಮನೆಗೆ ಬರುತ್ತಿದ್ದಳು. ಡಾಕ್ಟರಮ್ಮ ಹೇಳಿಕೊಟ್ಟಿದ್ದು ಅಷ್ಟು. ಐದು ತಿಂಗಳು ಹಾಗೆ ನಡೆಯಿತು. ಅಷ್ಟರಲ್ಲಿ ಡಾಕ್ಟರಮ್ಮ ಅಧಿಕಾರಿಗಳಿಗೆ ಮೇಲಿಂದ ಮೇಲೆ ಬರೆದ ಕಾಗದಗಳಿಗೆ ಹೆದರಿಯೋ ಏನೋ, ಕಾರ್ಖಾನೆಯವರು ಒಳಗೇ ಒಗೆಯುವ ಯಂತ್ರ ಹಾಕಿಸಿದರು.

ಟೈಲರಮ್ಮನ ಮೊಮ್ಮಗ ಒಂದೂವರೆ ವರ್ಷದವನಾದಾಗ ತೂಕಕ್ಕೆ ಬಂದ. ಅದೇ ಬೆಂಚಿನಲ್ಲಿ ಲಾಂಡ್ರಿಯಕ್ಕ ಪುಟ್ಟಿಯನ್ನು ಕೂರಿಸಿಕೊಂಡಿದ್ದಳು. ಅವನು ಕಿಟಕಿಗೆ ಕೈ ತೋರಿಸಿ "ಅಜ್ಜಿ, ಕಾಗೆ, ಕಾಗೆ ಹೋಯ್ತು" ಎಂದ. ಟೈಲರಮ್ಮ ತಲೆ ತಗ್ಗಿಸಿದರು. ಲಾಂಡ್ರಿಯಕ್ಕ ಅವನ ಕೆನ್ನೆ ಸವರಿ, "ಎಷ್ಟು ಚೆನ್ನಾಗಿ ಮಾತಾಡ್ತೀಯೋ ಮರಿ" ಎಂದಳು. ಆಮೇಲೆ ಪುಟ್ಟಿಯನ್ನು ನನ್ನ ಮಡಿಲಿಗೆ ಹಾಕಿ ಹೊರಗೆ ಹೋದಳು. ತುಂಬಾ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ, ಮೆಟ್ಟಿಲ ಮೇಲೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಹತ್ತಿರ ಕೂತೆ. ತಾಯಿ ಕಾರ್ಡಿನಲ್ಲಿ ನಾನು ಕೇಳದೆಯೇ 'ಗೃಹಿಣಿ' ಎಂದು ಬರೆದದ್ದನ್ನು ಅವತ್ತು ಅವಳಿಗೆ ಹೇಳಿದೆ. ಮೊದಲೇ ಹೇಳಬೇಕಿತ್ತು, ಧೈರ್ಯ ಬಂದಿರಲಿಲ್ಲ.

"ಕೇಳಿದ್ರೆ ನಾನೂ ಹಾಗೇ ಬರೆಸ್ತಿದ್ದೆ ಏನೋ" ಅಂದಳು. ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪುಟ್ಟಿಗೆ ಈಗ ಏಳು ವರ್ಷ. ವಿಶೇಷ ತರಗತಿಗೆ ಹೋಗುತ್ತಾಳೆ. ಹನ್ನೊಂದು ಮಾತು ಬರುತ್ತವೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಇನ್ನೂ ಬರುವುದಿಲ್ಲ. ಲಾಂಡ್ರಿಯಕ್ಕನ ಬಲಗೈ ನಡುಗುತ್ತದೆ, ಒಗೆತ, ಇಸ್ತ್ರಿ ಎರಡನ್ನೂ ಗಂಡನೊಬ್ಬನೇ ನೋಡಿಕೊಳ್ಳುತ್ತಾನೆ. ಮಧ್ಯಾಹ್ನ ಅವಳು ಮಗಳ ಎದುರು ಕೂತು ಲೋಟ ತೋರಿಸಿ "ನೀರು" ಎನ್ನುತ್ತಾಳೆ. ತಡೆದು, ಮತ್ತೆ "ನೀರು". ಹೋದ ವಾರ ನಾನು ಅಲ್ಲಿದ್ದಾಗ ಪುಟ್ಟಿ ಲೋಟ ಮುಟ್ಟಿ "ನೀ" ಅಂದಳು. ಲಾಂಡ್ರಿಯಕ್ಕ ಅವಳಿಗೆ ನೀರು ಕುಡಿಸಿ, ಬಾಯಿ ಒರೆಸಿ, ಲೋಟವನ್ನು ಮತ್ತೆ ತುಂಬಿ ಮುಂದಿಟ್ಟಳು.