ಬೆಳಗದೇ ಬಿಟ್ಟ ಭರಣಿ

ಪಾತ್ರೆ ಬೆಳಗುವುದರಲ್ಲಿ ನನ್ನನ್ನು ಮೀರಿಸುವವರು ತವರಿನ ಓಣಿಯಲ್ಲೇ ಇರಲಿಲ್ಲ. ಜಂಬ ಅಂದುಕೊಂಡರೂ ಅಡ್ಡಿಯಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಗಂಗಾವತಿಯ ಹತ್ತಿರ ಹಳೆಯ ಕಾಲುವೆಯ ದಂಡೆಯ ಮೇಲೆ ನಮ್ಮ ಮನೆ. ನಾನು ಬೆಳಗಿದ ಹಿತ್ತಾಳೆ ಕೊಡದಲ್ಲಿ ಮುಖ ನೋಡಿಕೊಂಡು ಅವ್ವ ಕುಂಕುಮ ಸರಿ ಮಾಡಿಕೊಳ್ಳುತ್ತಿದ್ದಳು. ಆ ಸೊಕ್ಕು ಯಲಬುರ್ಗಿಗೆ ಸೊಸೆಯಾಗಿ ಬಂದ ಮೂರೇ ದಿನಕ್ಕೆ ಇಳಿಯಿತು. ಆ ಕೆಲಸದಲ್ಲಿ ನನ್ನ ಅತ್ತೆ ನನಗಿಂತ ಹತ್ತು ಪಟ್ಟು ಮೇಲು.

ಆ ಮನೆಯಲ್ಲಿ ನೀರಿಗೆ ಒಂದೇ ದಿನದ ಆಯುಷ್ಯ. ನಿನ್ನೆಯ ನೀರೆಂದರೆ ಎಂಜಲಿನ ಲೆಕ್ಕ. ಬೆಳಗಾದರೆ ಕೊಡ, ಹಂಡೆ, ತಂಬಿಗೆ ಎಲ್ಲ ಬರಿದಾಗಬೇಕು, ಬೂದಿ ಹುಣಸೆಹಣ್ಣು ಹಚ್ಚಿ ತಿಕ್ಕಬೇಕು, ಬಾವಿಯಿಂದ ಹೊಸ ನೀರು ಬರಬೇಕು. ಅಮಾವಾಸ್ಯೆಯ ಹಿಂದಿನ ದಿನವಂತೂ ಅಟ್ಟದ ಮೇಲೆ ಸುಮ್ಮನೆ ಕೂತಿದ್ದ ಪಾತ್ರೆಗಳೂ ಅಂಗಳಕ್ಕೆ ಇಳಿದು ಬೋರಲು ಬೀಳುತ್ತಿದ್ದವು. ಅದು ಎರೆಹೊಲದ ಸೀಮೆ, ಬಾವಿ ಬಲು ಆಳ. ಹಗ್ಗ ಎಳೆದೆಳೆದು ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಚೆಲ್ಲಿದ ನೀರು ಹಾಳಾಗುತ್ತಿರಲಿಲ್ಲ ಅನ್ನುವುದೊಂದೇ ಸಮಾಧಾನ. ಬಾವಿಯ ಪಕ್ಕದಲ್ಲಿ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಯಿತ್ತು, ಎಲ್ಲವೂ ಅದಕ್ಕೇ ಹೋಗುತ್ತಿತ್ತು.

ಉಣ್ಣಲು ಉಡಲು ನನಗೇನೂ ಕಡಿಮೆಯಿರಲಿಲ್ಲ. ಗಂಡನಿಗೆ ಕಿರಾಣಿ ಅಂಗಡಿ, ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಆದರೆ ಆ ಊರಿನಲ್ಲಿ ಹರಿಯುವ ನೀರಿನ ಸಪ್ಪಳವಿರಲಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸಪ್ಪಳ ಒಮ್ಮೆಲೇ ನಿಂತುಹೋದದ್ದಕ್ಕೆ ನಾನು ನೀರು ಸೇದುವ ನೆವದಲ್ಲಿ ಬಾವಿಯ ಕಟ್ಟೆಗೆ ಹೋಗಿ ಅಳುತ್ತಿದ್ದೆ. ಯಾರೂ ನೋಡಿಲ್ಲ ಅಂದುಕೊಂಡಿದ್ದೆ.

ಮೊದಲ ಪಂಚಮಿಗೆ ತವರಿಗೆ ಹೋದೆ. ವಾಪಸು ಕರೆದೊಯ್ಯಲು ಗಂಡ ಗಾಡಿ ಕಟ್ಟಿಸಿಕೊಂಡು ಬಂದ ದಿನ, ಕಾಲುವೆಗೆ ಇಳಿದು ಸೆರಗಿನಿಂದ ಐದು ಮೀನು ಹಿಡಿದು ತಂಬಿಗೆಗೆ ಹಾಕಿಕೊಂಡೆ. ಬೆರಳಿಗಿಂತ ಚಿಕ್ಕವು. ನೀರಿನ ಮೇಲ್ಮೈಯಲ್ಲೇ ಸುಳಿಯುವ ಜಾತಿ, ನೆತ್ತಿಯ ಮೇಲೊಂದು ಬೆಳ್ಳಗೆ ಹೊಳೆಯುವ ಬೊಟ್ಟು. ಹಿಟ್ನಾಳದಲ್ಲಿ ಎತ್ತು ಬಿಚ್ಚಿದಾಗ ತಂಬಿಗೆಯಲ್ಲಿ ಏನಿದೆ ಎಂದು ಗಂಡನಿಗೆ ಗೊತ್ತಾಯಿತು. ಅವರು ನಕ್ಕು, "ಮಂದಿ ತವರಿಂದ ಉಂಡಿ ತರ್ತಾರ" ಅಂದರು, ಅಷ್ಟೇ. ಮನೆಗೆ ಬಂದ ಮೇಲೆ ಅಂಗಡಿಯಿಂದ ಮುಚ್ಚಳ ಒಡೆದ ದೊಡ್ಡದೊಂದು ಪೆಪ್ಪರಮಿಂಟಿನ ಗಾಜಿನ ಭರಣಿ ತಂದುಕೊಟ್ಟರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇದೇನವ್ವ, ಮನ್ಯಾಗ ಮೀನ? ಓಣ್ಯಾನ ಮಂದಿ ಏನಂದಾರು?"

"ಸಾಕಾಕ ತಂದೀನ್ರಿ ಅತ್ತಿ, ತಿನ್ನಾಕಲ್ಲ. ಹಣಿ ನೋಡ್ರಿ, ವಿಭೂತಿ ಹಚ್ಚಿಕೊಂಡಾವು" ಅಂದೆ. ಗಾಡಿಯಲ್ಲಿ ಬರುವಾಗಲೇ ಯೋಚಿಸಿಟ್ಟ ಮಾತು ಅದು.

ಅವರು ಬಗ್ಗಿ ಬಹಳ ಹೊತ್ತು ನೋಡಿದರು. ನಗು ಬಂತೇನೋ, ತೋರಿಸಲಿಲ್ಲ. "ಹ್ಞೂಂ, ನಿನ್ನ ತವರ ಮಂದಿ ಅನ್ನು. ಇರ್ಲಿ. ಆದ್ರ ನಿನ್ನಿ ನೀರು ಇಡಬಾರದು ನೋಡು."

ಅಷ್ಟು ಹೇಳಿದ್ದು ಸಾಕಾಯಿತು. ನಾನು ಮರುದಿನವೇ ಮೀನನ್ನು ತಂಬಿಗೆಗೆ ತೆಗೆದು, ಭರಣಿಯನ್ನು ಬೂದಿ ಹುಣಸೆಹಣ್ಣಿನಿಂದ ಕಣ್ಣು ಕೋರೈಸುವ ಹಾಗೆ ತಿಕ್ಕಿ, ಆಗತಾನೇ ಸೇದಿದ ಬಾವಿಯ ನೀರು ತುಂಬಿದೆ. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ನೀರು ಹೊಲಸಾಗಿರಬೇಕೆಂದು ದಿನಕ್ಕೆ ಎರಡು ಸಲ ಬೆಳಗತೊಡಗಿದೆ. ವಾರ ತುಂಬುವುದರೊಳಗೆ ಮೂರು ಸತ್ತವು. ಎಷ್ಟು ಚೊಕ್ಕಟ ಮಾಡಿದರೂ ಸಾಯುತ್ತಿವೆಯಲ್ಲ ಎಂದು ನಾನು ತಲೆ ಚಚ್ಚಿಕೊಂಡೆ. ಚೊಕ್ಕಟ ಮಾಡಿದ್ದಕ್ಕೇ ಸಾಯುತ್ತಿವೆ ಎಂದು ಹೊಳೆಯುವಷ್ಟು ಬುದ್ಧಿ ನನಗಿರಲಿಲ್ಲ, ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಜೀವ ತಂದು ಕೊಲ್ಲೂದು ಈ ಮನ್ಯಾಗ ನಡ್ಯಾಂಗಿಲ್ಲ ತಂಗಿ" ಎಂದು ಅತ್ತೆ ಹೇಳಿದರು. ದನಿ ಏರಿಸಲಿಲ್ಲ, ಅದೇ ಹೆಚ್ಚು ನಾಟಿತು. "ಇನ್ನೊಂದು ಸತ್ರ ಭರಣಿ ತಿರುಗಿ ಅಂಗಡಿಗಿ. ಮತ್ತ ಮೀನಿನ ಮಾತು ಎತ್ತಬ್ಯಾಡ."

ಉಳಿದಿದ್ದ ಎರಡೂ ಬಾಯಿ ಬಿಡುತ್ತಿದ್ದವು. ಕಣ್ಣೆದುರು ಸಾಯುವುದು ಬೇಡವೆಂದು ಭರಣಿಯ ನೀರಿನ ಸಮೇತ ಎಮ್ಮೆಯ ದೋಣಿಗೆ ಸುರುವಿಬಿಟ್ಟೆ. ತವರಿಗೂ ನನಗೂ ಇದ್ದ ಕೊನೆಯ ಎಳೆಯನ್ನು ನಾನೇ ಕಡಿದೆ ಅನ್ನಿಸಿ ಆ ದಿನ ಊಟ ಸೇರಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ದೋಣಿಗೆ ಕೊಡ ಬಗ್ಗಿಸುತ್ತಿದ್ದಾಗ ಪಾಚಿಯ ಸಂದಿಯಿಂದ ಬಿಳಿಯ ಬೊಟ್ಟೊಂದು ಫಕ್ಕನೆ ಹೊಳೆಯಿತು. ಅದರ ಹಿಂದೆ ಇನ್ನೊಂದು. ಎರಡೂ ಮೈಕೈ ತುಂಬಿಕೊಂಡಿದ್ದವು. ನಾನು ಕೊಡವನ್ನು ಅಲ್ಲೇ ಬಿಟ್ಟು ದೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಇಡೀ ಮನೆಯಲ್ಲಿ ಯಾರೂ ತಿಕ್ಕದ ಪಾತ್ರೆ ಅದೊಂದೇ. ತಿಕ್ಕಿದರೆ ಎಮ್ಮೆ ಮೂತಿ ತಿರುವುತ್ತಿತ್ತು, ಹಾಗಾಗಿ ಅತ್ತೆ ಅದರ ತಂಟೆಗೆ ಹೋಗುತ್ತಿರಲಿಲ್ಲ. ತಳದಲ್ಲಿ ಬೆರಳುದ್ದ ರಾಡಿ, ಅದರ ಮೇಲೆ ಪಾಚಿ, ಮೇಲೆ ತಿಳಿಯಾದ ನೀರು. ಕಡಿಮೆಯಾದಷ್ಟನ್ನು ತುಂಬುತ್ತಿದ್ದೆವು, ಪೂರ್ತಿ ಎಂದೂ ಬರಿದು ಮಾಡಿರಲಿಲ್ಲ. ಎಮ್ಮೆಗಿದ್ದ ಬುದ್ಧಿ ನನಗಿರಲಿಲ್ಲವಲ್ಲ ಎಂದು ನನ್ನಷ್ಟಕ್ಕೇ ಬೈದುಕೊಂಡೆ.

ಈ ಸಲ ಗಡಿಬಿಡಿ ಮಾಡಲಿಲ್ಲ. ಇನ್ನೊಂದು ಸತ್ತರೆ ಎಲ್ಲ ಮುಗಿದಂತೆ, ಅತ್ತೆಯ ಮಾತು ಕಲ್ಲಿನ ಗೆರೆ. ದಿನಗಟ್ಟಲೆ ಕೆಲಸ ಮಾಡುತ್ತಲೇ ಯೋಚನೆ ಮಾಡಿದೆ. ಭರಣಿ ಎಲ್ಲಿಡಬೇಕು? ನೀರಿನ ಕೊಡಗಳ ಸಾಲಿನಲ್ಲಿಟ್ಟರೆ ಅತ್ತೆಯ ಕೈ ತಾನಾಗಿ ಬರುತ್ತದೆ. ಅಂಗಳದ ಬಿಸಿಲಿಗೆ ನೀರು ಕುದಿಯುತ್ತದೆ. ಕೊನೆಗೆ ಪಡಸಾಲೆಯ ಗೂಡು ಗೊತ್ತು ಮಾಡಿದೆ. ಬೆಳಕಿಂಡಿಯಿಂದ ಮುಂಜಾನೆ ಎರಡು ತಾಸು ಅಲ್ಲಿಗೆ ಬೆಳಕು ಬೀಳುತ್ತಿತ್ತು.

ಭರಣಿಗೆ ದೋಣಿಯ ತಳದ ರಾಡಿ ನಾಲ್ಕು ಬೆರಳು ಹಾಕಿದೆ. ಹಳ್ಳಕ್ಕೆ ಬಟ್ಟೆ ಒಗೆಯಲು ಹೋದಾಗ ತಂದ ಉಸುಕನ್ನು ಚೆನ್ನಾಗಿ ತೊಳೆದು ಅದರ ಮೇಲೆ ಹರವಿದೆ. ಹಳ್ಳದ ಮಡುವಿನಲ್ಲಿ ಉದ್ದ ಎಲೆಯ ಹುಲ್ಲು ನೀರೊಳಗೇ ಬೆಳೆಯುತ್ತಿತ್ತು, ಬೇರುಸಹಿತ ಕಿತ್ತು ತಂದು ಉಸುಕಿನಲ್ಲಿ ಊರಿದೆ. ರಾಡಿ ಏಳದಿರಲೆಂದು ಒಂದು ಬಟ್ಟಲನ್ನು ತಳದಲ್ಲಿಟ್ಟು ಅದರೊಳಗೆ ನೀರು ಬಿಟ್ಟೆ, ಅರ್ಧ ದೋಣಿಯದು, ಅರ್ಧ ಸೇದಿ ಒಂದು ದಿನ ಇಟ್ಟದ್ದು. ಮೀನು ಮಾತ್ರ ಬಿಡಲಿಲ್ಲ. ಹುಲ್ಲು ಬೇರು ಬಿಟ್ಟು ಹೊಸ ಎಲೆ ತೋರಿಸಲಿ ಎಂದು ಕಾದೆ.

ಆ ಹದಿನೈದು ದಿನ ಅತ್ತೆಯ ಬಾಯಿಗೆ ನಾನೇ ಎಲೆ ಅಡಿಕೆ. "ನಿನ್ನ ಹೇಣತಿ ಭರಣ್ಯಾಗ ರಾಡಿ ಇಟ್ಟು ಕಾಯಕತ್ಯಾಳ ನೋಡಪ, ಯಾವಾಗ ಬೆಳಿ ಬರ್ತೈತೋ" ಎಂದು ಮಗನಿಗೆ ಹೇಳುವರು. ಗಂಡ ತಲೆ ಎತ್ತದೆ ಉಣ್ಣುವರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಹೊಸ ಎಲೆ ಬಂದ ಮೇಲೆ ಎರಡೂ ಮೀನು ಬಿಟ್ಟೆ. ಹಾರಿ ಬೀಳದಂತೆ ಭರಣಿಯ ಬಾಯಿಗೆ ತೆಳು ಅರಿವೆ ಕಟ್ಟಿದೆ. ಎರಡು ದಿನಕ್ಕೊಮ್ಮೆ ದೋಣಿಯಲ್ಲಿ ಲುಟುಲುಟು ಕುಣಿಯುವ ಸೊಳ್ಳೆಯ ಮರಿಗಳನ್ನು ಬೊಗಸೆಯಲ್ಲಿ ತಂದು ಹಾಕುತ್ತಿದ್ದೆ. ನೀರು ಇಳಿದರೆ ಒಂದು ತಂಬಿಗೆ ತುಂಬುತ್ತಿದ್ದೆ. ಮಾಡುವುದು ಇಷ್ಟೇ. ಕಷ್ಟವಿದ್ದದ್ದು ಮಾಡದೇ ಇರುವುದರಲ್ಲಿ. ಗಾಜಿನ ಒಳಮೈಗೆ ಹಸಿರು ಹತ್ತಿದಾಗ ನನ್ನ ಕೈಯೇ ಬೂದಿಯ ಕಡೆಗೆ ಹೋಗುತ್ತಿತ್ತು. ಇನ್ನು ಅತ್ತೆಯ ಕೈ ಕೇಳಬೇಕೆ? ಅಮಾವಾಸ್ಯೆ ಬಂದಾಗಲೆಲ್ಲ ನಾನು ಗೂಡಿಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದೆ. "ಬ್ಯಾಡ್ರಿ ಅತ್ತಿ, ನಿಮ್ಮ ಕಾಲ ಬೀಳ್ತೀನಿ, ಮುಟ್ಟಬ್ಯಾಡ್ರಿ" ಅನ್ನುತ್ತಿದ್ದೆ. ಅವರು ಹುಣಸೆಹಣ್ಣಿನ ಕೈ ಒರೆಸಿಕೊಳ್ಳುತ್ತ ಹೋಗುತ್ತಿದ್ದರು. ಭರಣಿಯನ್ನು ನೋಡಿದರೆ ಮೈಮೇಲೆ ಇರುವೆ ಹರಿದ ಹಾಗಾಗುತ್ತದೆ ಎಂದು ನೆರೆಮನೆಯವರ ಮುಂದೆ ಹೇಳಿಕೊಂಡಿದ್ದೂ ಉಂಟು. ಆದರೂ ಮೀನು ಸಾಯಲಿಲ್ಲ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ನಾನು ಗೂಡಿನ ಮುಂದೆ ಕೂತು ಹುಲ್ಲಿನೊಳಗೆ ಅವು ಸುಳಿಯುವುದನ್ನು ನೋಡುತ್ತಿದ್ದೆ. ಸುಖವಾಗಿದ್ದೆ, ಬೇರೆ ಮಾತಿಲ್ಲ.

ಆಮೇಲೆ ಬಸುರಾದೆ. ಏಳು ತುಂಬಿದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು. ಹೋಗಲು ಎಷ್ಟು ಆಸೆಯಿತ್ತೋ ಅಷ್ಟೇ ಚಿಂತೆ, ಭರಣಿಯ ಮುಂದೆ ಬೆನ್ನು ಕೊಟ್ಟು ನಿಲ್ಲುವವರು ಯಾರು? ಗಾಡಿ ಹತ್ತುವಾಗ ಅತ್ತೆಯ ಕೈ ಹಿಡಿದುಕೊಂಡು, "ನೀರು ಕಡಿಮಿ ಆದ್ರ ಒಂದ್ ತಂಬಿಗಿ ಹಾಕ್ರಿ, ಎರಡ್ ದಿನಕ್ಕೊಮ್ಮೆ ದೋಣ್ಯಾನ ಸೊಳ್ಳಿಮರಿ ಬಿಡ್ರಿ. ತೊಳೀಬ್ಯಾಡ್ರಿ" ಅಂದೆ.

"ಹೋಗಿ ಬಾ. ಮೊದಲ ನಿನ್ನ ಹೊಟ್ಟ್ಯಾಗಿಂದು ನೋಡ್ಕೋ" ಅಂದರು. ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಹೆಣ್ಣು ಹುಟ್ಟಿತು. ಕೂಸು ನೋಡಲು ಬಂದ ಗಂಡನಿಗೆ ನಾನು ಕೇಳಿದ ಮೊದಲ ಮಾತು ಭರಣಿಯದು. "ಅದಾವು ಬಿಡು" ಅಂದರು. ಯಾವಾಗ ನೋಡಿದಿರಿ ಎಂದರೆ ಹೇಳಲು ಬರಲಿಲ್ಲ. ಬಾಣಂತಿಯ ಮನಸ್ಸು ನೋಯಬಾರದೆಂದು ಹಾಗೆ ಹೇಳಿದರು ಅಂದುಕೊಂಡೆ. ಆ ಎಂಟು ತಿಂಗಳಲ್ಲಿ ಪ್ರತಿ ಅಮಾವಾಸ್ಯೆಗೂ ನನ್ನ ಭರಣಿ ಅಂಗಳದಲ್ಲಿ ಬೋರಲು ಬಿದ್ದದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಬಿಡು, ಕೂಸು ಬಂದಿದೆಯಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ಕೂಸಿಗೆ ಐದು ತಿಂಗಳಾದಾಗ ಯಲಬುರ್ಗಿಗೆ ಮರಳಿದೆ. ಅತ್ತೆ ಬಾಗಿಲಲ್ಲಿ ನೀರು ನಿವಾಳಿಸಿ ಒಳಗೆ ಕರೆದುಕೊಂಡರು. ಗೂಡಿನ ಕಡೆ ನೋಡಬಾರದೆಂದು ಗಾಡಿಯಲ್ಲೇ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಕಣ್ಣು ಕೇಳಲಿಲ್ಲ.

ಭರಣಿ ಅಲ್ಲೇ ಇತ್ತು. ಹುಲ್ಲು ಬಾಯಿಯ ತನಕ ಬೆಳೆದು ಮಡಚಿಕೊಂಡಿತ್ತು. ಬೆಳಕಿನ ಕಡೆಯ ಗಾಜು ಹಸಿರುಗಟ್ಟಿತ್ತು, ಇನ್ನೊಂದು ಕಡೆಯಿಂದ ಇಣುಕಿದೆ. ಎರಡು ದೊಡ್ಡವು, ಅವುಗಳ ಸುತ್ತ ಜೋಳದ ಕಾಳಿನಷ್ಟು ಉದ್ದದ ಆರೋ ಏಳೋ ಮರಿಗಳು. ಪ್ರತಿಯೊಂದರ ನೆತ್ತಿಯಲ್ಲೂ ಚುಕ್ಕೆ ಬೊಟ್ಟು. ಭರಣಿಯ ಹೊರಮೈಗೆ ಮೂರು ಬೆರಳ ವಿಭೂತಿ ಎಳೆದಿತ್ತು. ಒಂದರ ಮೇಲೊಂದು ಎಳೆದೆಳೆದು ದಪ್ಪಗಾಗಿತ್ತು.

"ಇದ್ಯಾಕ್ರಿ ಅತ್ತಿ?"

"ಮತ್ತೇನ್ ಮಾಡ್ಲಿ? ಅಮಾಸಿ ಬಂದ್ರ ಕೈ ಕೇಳ್ತಿರಲಿಲ್ಲ" ಅಂದರು. ನನ್ನ ಮುಖ ನೋಡದೆ ಕೂಸಿನ ಕುಲಾವಿ ಸರಿ ಮಾಡುತ್ತಿದ್ದರು. "ವಿಭೂತಿ ಹಚ್ಚಿದ್ದನ್ನ ಬೋರಲು ಹಾಕಾಕ ಬರಾಂಗಿಲ್ಲಲ್ಲ. ಅದಕ್ಕ ಅಮಾಸಿಗೊಮ್ಮೆ ಹಚ್ಚಿ ನನ್ನ ಕೈ ನಾನ ಕಟ್ಟಿಕೊಂಡೆ."

ಆ ಎಂಟು ಅಮಾವಾಸ್ಯೆ ಅವರು ಪಟ್ಟ ಪಾಡು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು.

"ಬಾವಿ ಕಟ್ಟಿ ಮ್ಯಾಲ ನೀ ಅಳೂದು ನಾ ನೋಡಿಲ್ಲ ಅಂತ ಮಾಡಿಯೇನು?" ಎಂದು ಕೂಸನ್ನು ನನ್ನ ತೋಳಿನಿಂದ ತೆಗೆದುಕೊಂಡರು. ಗೂಡಿನ ಹತ್ತಿರ ಒಯ್ದು ಅದರ ಮುಖವನ್ನು ಭರಣಿಯ ಕಡೆಗೆ ತಿರುಗಿಸಿದರು.

"ನೋಡವ್ವ" ಅಂದರು ಕೂಸಿಗೆ, "ಇವ್ರು ನಿಮ್ಮವ್ವನ ತವರ ಮಂದಿ. ನಿನ್ನ ನೋಡಾಕ ಕಾಯಕತ್ತಿದ್ರು."